ಭಂಡಾರಿ ಹುಲ್ಲರಾಜ

ಬಸದಿ ಎಂಬ ನುಡಿಯು ವಸತಿ ಎಂಬ ಶಬ್ದದಿಂದ ಬಂದುದು. ಜಿನಬಿಂಬದ ನೆಲೆಯಾದಂತೆಯೇ ಅದು ಮನೆಮಾರು ತೊರೆದ ಮುನಿಗಳ ತಂಗುದಾಣವೂ ಆಗಿದ್ದಿತು. ನಿರ್ಗ್ರಂಥ ಮುನಿಗೆ ಸ್ವಂತ ಮನೆಯಿಲ್ಲ, ಹೊಲವಿಲ್ಲ; ತೆರಿಗೆ ತೆರಲು ಕೈಯಲ್ಲಿ ಕಾಸಿಲ್ಲ. ಆ ಹೊಣೆಯು ಶ್ರಾವಕರದು. ಅದನ್ನು ಹೊತ್ತು ನಡೆಸಿದ ಮಹನೀಯರಲ್ಲಿ ಹೊಯ್ಸಳರ ಭಂಡಾರಿ ಹುಲ್ಲರಾಜನು ಪ್ರಾತಃಸ್ಮರಣೀಯನು.

ವಾಜಿವಂಶದ ಯಕ್ಷರಾಜ ಹಾಗೂ ಲೋಕಾಂಬಿಕೆಯರ ಪುತ್ರನಾದ ಹುಲ್ಲನು ವಿಷ್ಣುವರ್ಧನ, ಒಂದನೆಯ ನರಸಿಂಹ, ಇಮ್ಮಡಿ ಬಲ್ಲಾಳ ಈ ಮೂವರು ಅರಸರ ಸೇವೆಯಲ್ಲಿದ್ದನು. ಪದ್ಮಾವತಿಯು ಈತನ ಧರ್ಮಪತ್ನಿ; ಕುಕ್ಕುಟಾಸನ ಮಲಧಾರಿದೇವರು ಗುರುಗಳು.

ಕ್ರಿ.ಶ. 1159ರಲ್ಲಿ, ಶಕವರ್ಷ 1081ರಲ್ಲಿ, ಶ್ರವಣಬೆಳಗೊಳದ ಆತನ ಚತುರ್ವಿಂಶತಿ ಜಿನಾಲಯಕ್ಕೆ ದತ್ತಿಯಾಯಿತು. ಇಂದು ನಾವು ಭಂಡಾರಿ ಬಸದಿ ಎನ್ನುವುದು ಇದನ್ನೇ. 24 ತೀರ್ಥಂಕರರ ಬಿಂಬಗಳನ್ನು ಸಾಲಾಗಿ ಸ್ಥಾಪಿಸಿದ ಹುಲ್ಲನು ಅಷ್ಟಕ್ಕೇ ತೃಪ್ತನಾಗದೆ, ಬಸದಿಯ ಇಕ್ಕೆಲಗಳಲ್ಲಿ ಭದ್ರವಾದ ವಸತಿಗಳನ್ನೂ ಕಟ್ಟಿಸಿದನು. ದಿಗ್ವಿಜಯದ ವೇಳೆ ಬೆಳಗೊಳಕ್ಕೆ ಬಂದ ನರಸಿಂಹನು ಬಸದಿಗೆ ಭವ್ಯಚೂಡಾಮಣಿಯೆಂಬ ಹೆಸರಿತ್ತು ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಪೂಜೆ, ಜೀರ್ಣೋದ್ಧಾರ, ಮುನಿಗಳ ಆಹಾರದಾನ ಇವು ಅದರ ಉದ್ದೇಶಗಳು. ಮುಂದೆ ಬಲ್ಲಾಳನ ಕಾಲದಲ್ಲಿ ಸವಣೇರಿನೊಡನೆ ಬೆಕ್ಕ, ಕಗ್ಗೆರೆಗಳೂ ದತ್ತಿಯಾದುವು.

ರಾಜ್ಯದ ಬೊಕ್ಕಸವನ್ನು ತುಂಬಿಸಬೇಕಾದ ಭಂಡಾರಿಯೇ ಒಂದು ಊರಿನ ಹುಟ್ಟುವಳಿಯನ್ನು ಧರ್ಮಕ್ಕೆ ಬಿಡಿಸಿದನೆಂಬುದು ವಿಚಾರಾರ್ಹವಾಗಿದೆ. ತೆರಿಗೆಯ ಬೆಲೆಯನ್ನು ಅವನಿಗಿಂತ ಬಲ್ಲವರಾರು? ಕಟ್ಟಡಕ್ಕೆ ಕಲ್ಲು ಸಾಕು, ಧರ್ಮಕ್ಕೆ ನಿತ್ಯದ ಆದಾಯ ಬೇಕೆಂಬುದನ್ನು ಆತನು ಅರಿತಿದ್ದನು. ಅರಸನ ದತ್ತಿಯನ್ನೇ ನೆಚ್ಚಿ ಕುಳಿತವನೂ ಅಲ್ಲ. ಕೊಪಣದಲ್ಲಿ ಮುನಿಸಂಘಕ್ಕಾಗಿ ಹೊನ್ನು ತೆತ್ತು ಭೂಮಿ ಕೊಂಡನು. ಕೆಲ್ಲಂಗೆರೆಯಲ್ಲಿ ಗಂಗರ ಕಾಲದ ಪಾಳುಬಸದಿಯನ್ನು ಮತ್ತೆ ಕಟ್ಟಿಸಿದನು. ಬಂಕಾಪುರದ ಬಸದಿಗಳನ್ನೂ ಉದ್ಧರಿಸಿದನು.

ಈ ಪರಂಪರೆ ನಮ್ಮ ಸೀಮೆಗೂ ಹೊರತಲ್ಲ. ಐ.ಡಿ.ಹಳ್ಳಿಯ ನೆರೆಯ ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗದಲ್ಲಿ 1232ರಲ್ಲಿ ಗಂಗೇಯನ ಮಾರೆಯನು ಪಾರ್ಶ್ವಜಿನ ಬಸದಿಯನ್ನು ಕಟ್ಟಿಸಲು ಇರುಂಗೋಳನು ದತ್ತಿಯಿತ್ತನು.

1955ರ ಧಾರ್ಮಿಕ ಇನಾಂ ರದ್ದಿಯಾತಿ ಕಾಯಿದೆಯಿಂದ ಮೈಸೂರು ಸೀಮೆಯಲ್ಲಿ ಇನಾಂ ಪದ್ಧತಿ ಕೊನೆಗಂಡಿತು. ಅರಸರಿಲ್ಲ, ಅವರು ಬಿಟ್ಟ ಊರುಗಳೂ ಇಲ್ಲ. ಪ್ರತಿಷ್ಠಾ ಮಹೋತ್ಸವದ ಚಪ್ಪರ ಬಿಚ್ಚಿದ ಮರುದಿನವೂ ನಿತ್ಯಪೂಜೆ ನಡೆಯಬೇಕು. ವಿಹಾರದಲ್ಲಿ ಬಂದ ತ್ಯಾಗಿಗಳಿಗೆ ನೆಲೆ, ಆಹಾರ ದೊರೆಯಬೇಕು. ಅದಕ್ಕೆ ಪ್ರತಿ ಶ್ರಾವಕನೂ ತನ್ನ ಮನೆಯ ಮಟ್ಟಿಗೆ ಭಂಡಾರಿಯಾಗುವುದೇ ಹುಲ್ಲರಾಜನಿಗೆ ಸಲ್ಲುವ ನಿಜವಾದ ಸ್ಮರಣೆ.