ಜೈಲಿನ ಬಾಗಿಲು ತೆರೆದ ಮೇಲೆ

ದೇವರ ಮಕ್ಕಳೇ, ಎರಡನೇ ಪೂರ್ವಕಾಲವೃತ್ತಾಂತ 33ನೇ ಅಧ್ಯಾಯ ತೆರೆಯಿರಿ, ಮನಸ್ಸೆ ರಾಜನ ಭಾಗ. ಒಂದು ಬೆರಳು ಅಲ್ಲೇ ಇಟ್ಟುಕೊಳ್ಳಿ, ಆಮೇಲೆ ಅಲ್ಲಿಗೆ ಬರ್ತೇನೆ. ಅದಕ್ಕೆ ಮೊದಲು ನಮ್ಮ ಕರ್ನಾಟಕದ್ದೇ ಒಬ್ಬ ಮನುಷ್ಯನ ಜೀವನ ಹೇಳ್ಬೇಕು.

ಎಂ.ಪಿ. ಜಯರಾಜ್. ಹಿರಿಯರಿಗೆ ಹೆಸರು ನೆನಪಿರಬಹುದು. ಯುವಕರಿಗೆ 2022ರಲ್ಲಿ ಬಂದ ಹೆಡ್ ಬುಷ್ ಸಿನಿಮಾದಿಂದ ಗೊತ್ತು. ಸಿನಿಮಾದಲ್ಲಿ ಅವನು ನಡೆದು ಬರುವಾಗ ಹಿಂದೆ ಮ್ಯೂಸಿಕ್ ಉಂಟು. ನಾನು ಮ್ಯೂಸಿಕ್ ಇಲ್ಲದೆ ಹೇಳ್ತೇನೆ.

1970ರ ದಶಕದ ಬೆಂಗಳೂರು. ದೇವರಾಜ ಅರಸು ಮುಖ್ಯಮಂತ್ರಿಗಳಾಗಿದ್ದ ಕಾಲ. ಆಗಿನ ರೌಡಿಗಳ ಕೈಯಲ್ಲಿ ಬಂದೂಕು ಅಪರೂಪ. ಸೈಕಲ್ ಚೈನು, ಸೋಡಾ ಬಾಟಲಿ, ಮಚ್ಚು, ಲಾಂಗು. ಇವುಗಳ ನಡುವೆ ಜಯರಾಜ್ ಊರಿಗೇ ದೊಡ್ಡ ದಾದಾ ಆದ. ಇಂದಿರಾ ಬ್ರಿಗೇಡ್ ಅನ್ನುವ ಯುವಕರ ಪಡೆಯ ಹೆಸರಿನಲ್ಲಿ ಅಧಿಕಾರದ ನೆರಳೂ ಸಿಕ್ಕಿತು. ಬೀದಿಯಲ್ಲಿ ಹೆದರಿಸುವವನಿಗೆ ವಿಧಾನಸೌಧದ ಕಡೆಯಿಂದ ನೆರಳು ಬಿದ್ದರೆ ಏನಾಗ್ತದೆ? ತನ್ನನ್ನು ಮುಟ್ಟುವವರೇ ಇಲ್ಲ ಅಂತ ಅನಿಸ್ತದೆ.

ಆ ಗರ್ವ ಎಲ್ಲಿಗೆ ಮುಟ್ಟಿತು ನೋಡಿ. ತಿಗಳರಪೇಟೆ ಗೋಪಿ ಎಂಬ ಎದುರಾಳಿಯ ಮೇಲೆ ನ್ಯಾಯಾಲಯದ ಆವರಣದಲ್ಲೇ ಹಲ್ಲೆ ಮಾಡಿದ. ಕತ್ತಲೆ ಗಲ್ಲಿಯಲ್ಲಿ ಅಲ್ಲ ಮಾರಾಯ್ರೆ, ನ್ಯಾಯ ಹೇಳುವ ಜಾಗದಲ್ಲಿ! ಅಲ್ಲಿಂದಲೇ ಪತನ ಶುರು. ಆ ಕೇಸಿನಲ್ಲಿ ಶಿಕ್ಷೆಯಾಗಿ ವರ್ಷಗಟ್ಟಲೆ ಜೈಲು. ಹೆಗಲ ಮೇಲೆ ಕೈ ಹಾಕಿದ್ದ ದೊಡ್ಡವರ ನೆರಳು ಜೈಲಿನ ಗೋಡೆಯ ಒಳಗೆ ಬರಲಿಲ್ಲ. ಹೊರಗೆ ಅವನ ಕುರ್ಚಿಯೂ ಖಾಲಿ ಉಳಿಯಲಿಲ್ಲ; ಕೋತ್ವಾಲ್ ರಾಮಚಂದ್ರನ ಹೆಸರು ಎದ್ದಿತು.

1980ರ ದಶಕದಲ್ಲಿ ಜಯರಾಜ್ ಹೊರಗೆ ಬಂದ. ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಅವನ ಮುಂದೆ ಎರಡು ದಾರಿ ಇತ್ತು. ಗರೀಬಿ ಹಠಾವೋ ಅಂತ ಒಂದು ಪತ್ರಿಕೆಯನ್ನೂ ನಡೆಸಿದ. ಬಡತನ ಹೋಗಲಿ ಅಂತ ಹೆಸರು, ಎಷ್ಟು ಒಳ್ಳೆಯ ಹೆಸರು! ಆದರೆ ಹಳೆಯ ಕುರ್ಚಿಯ ಆಸೆ ಬಿಡಲಿಲ್ಲ, ಹಳೆಯ ಹಗೆಯೂ ಬಿಡಲಿಲ್ಲ. ಅಮೆರಿಕದ ಚಿಕಾಗೋದಲ್ಲಿ ಅಲ್ ಕಪೋನೆ ಕೂಡ ಹೀಗೇ, ಕೆಲಸವಿಲ್ಲದ ಬಡವರಿಗೆ ಉಚಿತವಾಗಿ ಸೂಪು ಹಂಚಿಸಿದ. 1931ರಲ್ಲಿ ಆದಾಯ ತೆರಿಗೆ ಕೇಸಿನಲ್ಲಿ 11 ವರ್ಷ ಶಿಕ್ಷೆಯಾಯಿತು. ಒಳ್ಳೆಯ ಕೆಲಸದ ಬೋರ್ಡು ಹಾಕಿದ ಮಾತ್ರಕ್ಕೆ ಒಳಗಿನ ಅಂಗಡಿ ಬದಲಾಗುವುದಿಲ್ಲ.

1986ರಲ್ಲಿ ಕೋತ್ವಾಲ್ ಕೊಲೆಯಾದ. ಇನ್ನು ಎದುರಾಳಿ ಇಲ್ಲ ಅಂತ ಲೋಕ ಲೆಕ್ಕ ಹಾಕಿತು. ಮೂರೇ ವರ್ಷ. 1989ರ ನವೆಂಬರ್ 21. ಸಿದ್ದಾಪುರ ಪೊಲೀಸ್ ಸ್ಟೇಷನ್ನಿಗೆ ಸಹಿ ಹಾಕಲು ಹೊರಟಿದ್ದ ಜಯರಾಜ್‌ನನ್ನು ಗುಂಡಿಟ್ಟು ಕೊಂದರು. ಜೊತೆಯಲ್ಲಿದ್ದ ವಕೀಲರೂ ಸತ್ತರು. ಕೇಳಿಸಿಕೊಂಡ್ರಾ? ಇಡೀ ಊರನ್ನು ಹೆದರಿಸಿದವನು ಸ್ಟೇಷನ್ನಿನ ಪುಸ್ತಕಕ್ಕೆ ಸಹಿ ಹಾಕಲು ಹೋಗಬೇಕಿತ್ತು. ಜೈಲಿನಿಂದ ಬಂದು ವರ್ಷಗಳಾಗಿದ್ದರೂ ಅವನಿಗೆ ಬಿಡುಗಡೆ ಆಗಿರಲಿಲ್ಲ.

ಈಗ ಬೆರಳಿಟ್ಟ ಪುಟಕ್ಕೆ ಬನ್ನಿ. ಮನಸ್ಸೆ ಜಯರಾಜ್‌ಗಿಂತ ದೊಡ್ಡ ಪಾಪಿ. ಯೆರೂಸಲೇಮಿನಲ್ಲಿ ನಿರಪರಾಧಿಗಳ ರಕ್ತ ಹರಿಸಿದವನು. ಅವನಿಗೂ ಬೇಡಿ ಬಿತ್ತು, ಬಾಬೆಲಿಗೆ ಎಳೆದುಕೊಂಡು ಹೋದರು. ಆದರೆ ಆ ಸಂಕಟದಲ್ಲಿ ತನ್ನನ್ನು ಬಹಳವಾಗಿ ತಗ್ಗಿಸಿಕೊಂಡು ಪ್ರಾರ್ಥಿಸಿದ. ದೇವರು ಕೇಳಿ ತಿರುಗಿ ಕರೆತಂದರು. ಬಂದವನು ತಾನೇ ಇಟ್ಟ ವಿಗ್ರಹಗಳನ್ನು ಪಟ್ಟಣದ ಹೊರಗೆ ಎಸೆದ, ಯಜ್ಞವೇದಿಯನ್ನು ಸರಿಮಾಡಿಸಿದ. ಪಶ್ಚಾತ್ತಾಪ ಅಂದರೆ ಇದು, ಕೈಯಿಂದ ಮಾಡುವ ಕೆಲಸ. ಹಲ್ಲೆಲೂಯಾ!

ನಮ್ಮ ಮಟ್ಟುವಿನವರಿಗೆ ಬಿತ್ತನೆ ಕಲಿಸಬೇಕಾ? ಗುಳ್ಳದ ಗಿಡ ನೆಟ್ಟ ಗದ್ದೆಯಲ್ಲಿ ಗುಳ್ಳವೇ ಬರ್ತದೆ. ಹೆದರಿಕೆ ಬಿತ್ತಿದವನು ಹೆದರಿಕೆಯನ್ನೇ ಕೊಯ್ದ. ಯುವಕರೇ, ಮೊಬೈಲಿನಲ್ಲಿ ಲಾಂಗು ಹಿಡಿದವನ ರೀಲ್ಸ್‌ಗೆ ಲೈಕ್ ಒತ್ತುವಾಗ ಆ ಸಹಿಯ ಪುಸ್ತಕ ನೆನಪಿರಲಿ.

ಸಭೆಯ ಹಿರಿಯರಿಗೂ ಒಂದು ಮಾತು. ಕೇಸು ಮುಗಿಸಿ, ಜೈಲಿನಿಂದ ಊರಿಗೆ ಬರುವ ಹುಡುಗನನ್ನು ಮೊದಲು ಮಾತಾಡಿಸುವವರು ಯಾರು? ಹಳೆಯ ಸಂಗ ಬೈಕ್ ತಗೊಂಡು ಗೇಟಿನ ಹತ್ತಿರ ಕಾಯ್ತದೆ. ನಾವು ಕಿಟಕಿಯಿಂದ ನೋಡಿ ಬಾಗಿಲು ಹಾಕ್ಕೊಳ್ತೇವೆ. ಈ ವಾರ ಅಂಥ ಒಂದು ಮನೆಗೆ ಹೋಗಿ. ಊಟಕ್ಕೆ ಕರೆಯಿರಿ. ದೋಣಿಯಲ್ಲಿ, ಗದ್ದೆಯಲ್ಲಿ ಒಂದು ಕೆಲಸ ಇದ್ದರೆ ಹೇಳಿ. ಮನಸ್ಸೆಗೆ ದಾರಿ ತೆರೆದ ದೇವರು ನಮ್ಮ ಬಾಗಿಲನ್ನೂ ತೆರೆಯಲಿ.

ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥಿಸೋಣ. ಆಮೆನ್.