ಸಿ. ಅಶ್ವಥ್

ಸಿ. ಅಶ್ವಥ್ (ಡಿಸೆಂಬರ್ 29, 1939 – ಡಿಸೆಂಬರ್ 29, 2009) ಕನ್ನಡದ ಹೆಸರಾಂತ ಗಾಯಕರು, ರಾಗ ಸಂಯೋಜಕರು ಹಾಗೂ ಚಲನಚಿತ್ರ ಸಂಗೀತ ನಿರ್ದೇಶಕರು. ಕನ್ನಡ ಕವಿತೆಗಳನ್ನು ಸುಗಮ ಸಂಗೀತದ ಮೂಲಕ ಜನಸಾಮಾನ್ಯರಿಗೆ ತಲುಪಿಸಿದವರಲ್ಲಿ ಪ್ರಮುಖರು. ನಯವಾದ ಕಂಠವೇ ಭಾವಗೀತೆಯ ಲಕ್ಷಣವೆಂದು ಭಾವಿಸಲಾಗಿದ್ದ ಕಾಲದಲ್ಲಿ ತೆರೆದ ಗಂಟಲಿನ, ಒರಟುತನವನ್ನು ಮರೆಮಾಚದ ಗಾಯನದಿಂದ ಪ್ರತ್ಯೇಕವಾಗಿ ಗುರುತಿಸಲ್ಪಟ್ಟರು. ಸಂತ ಶಿಶುನಾಳ ಶರೀಫರ ತತ್ವಪದಗಳ ಧ್ವನಿಮುದ್ರಣಗಳು ಅವರ ಗಾಯನದ ಈ ಗುಣಕ್ಕೆ ಅತ್ಯುತ್ತಮ ಉದಾಹರಣೆಯಾಗಿವೆ.

ಜನನ ಮತ್ತು ಆರಂಭಿಕ ಜೀವನ

ಅಶ್ವಥ್ ಅವರು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಜನಿಸಿದರು. ವಿಜ್ಞಾನ ಪದವೀಧರರಾದ ಅವರು ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ನೌಕರಿ ಮಾಡಿ 1992ರಲ್ಲಿ ನಿವೃತ್ತರಾದರು. ಅವರ ಪ್ರಸಿದ್ಧ ಸಂಯೋಜನೆಗಳಲ್ಲಿ ಅನೇಕವು ಈ ನೌಕರಿಯ ಅವಧಿಯಲ್ಲೇ ರೂಪುಗೊಂಡವು. ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು. ಬೆಂಗಳೂರಿನ ಹವ್ಯಾಸಿ ರಂಗಭೂಮಿಯ ನಂಟು ಅವರ ಗಾಯನವನ್ನು ರೂಪಿಸಿದ ಮತ್ತೊಂದು ಶಕ್ತಿ. ರಂಗದ ಹಾಡು ಕೊನೆಯ ಸಾಲಿನ ಪ್ರೇಕ್ಷಕನನ್ನೂ ಮುಟ್ಟಬೇಕು, ಮಾತು ಸ್ಪಷ್ಟವಾಗಿ ಕೇಳಬೇಕು. ಈ ಎರಡು ಗುಣಗಳೂ ಅವರ ಧ್ವನಿಮುದ್ರಿತ ಹಾಡುಗಳಲ್ಲಿ ಕಡೆಯವರೆಗೂ ಉಳಿದವು.

ಚಲನಚಿತ್ರ ಸಂಗೀತ

ಮಾಸ್ತಿ ವೆಂಕಟೇಶ ಅಯ್ಯಂಗಾರರ ನಾಟಕವನ್ನು ಆಧರಿಸಿ ಸಿ. ಆರ್. ಸಿಂಹ ನಿರ್ದೇಶಿಸಿದ ಕಾಕನಕೋಟೆ (1977) ಚಿತ್ರದ ಮೂಲಕ ಅಶ್ವಥ್ ಸಂಗೀತ ನಿರ್ದೇಶಕರಾದರು. ಮುಂದೆ ಎಲ್. ವೈದ್ಯನಾಥನ್ ಅವರೊಡಗೂಡಿ ಅಶ್ವಥ್–ವೈದಿ ಎಂಬ ಜೋಡಿ ಹೆಸರಿನಲ್ಲಿ ಏನೇ ಬರಲಿ ಪ್ರೀತಿ ಇರಲಿ, ನಾರದ ವಿಜಯ, ಅನುಪಮ, ಆಲೆಮನೆ ಮೊದಲಾದ ಚಿತ್ರಗಳಿಗೆ ಸಂಗೀತ ನೀಡಿದರು. ಟಿ. ಎಸ್. ನಾಗಾಭರಣರ ನಿರ್ದೇಶನದ ಸಂತ ಶಿಶುನಾಳ ಶರೀಫ (1990), ಮೈಸೂರು ಮಲ್ಲಿಗೆ (1992), ಚಿನ್ನಾರಿ ಮುತ್ತ (1993) ಮತ್ತು ನಾಗಮಂಡಲ (1997) ಅವರು ಸ್ವತಂತ್ರವಾಗಿ ಸಂಗೀತ ನೀಡಿದ ಮುಖ್ಯ ಚಿತ್ರಗಳು.

ಸುಗಮ ಸಂಗೀತದಲ್ಲಿ ಅಶ್ವಥ್

ಕನ್ನಡ ಸುಗಮ ಸಂಗೀತಕ್ಕೆ ಪಿ. ಕಾಳಿಂಗರಾವ್ (1914–1981) ಭದ್ರವಾದ ಅಡಿಪಾಯ ಹಾಕಿದ್ದರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ರಾಗ ಹಾಕಿ ಹೊರತಂದ ನಿತ್ಯೋತ್ಸವ ಧ್ವನಿಸುರುಳಿಯು ಹೊಸ ಮಾಧ್ಯಮವೊಂದರ ಬಾಗಿಲು ತೆರೆಯಿತು. ಕ್ಯಾಸೆಟ್ಟಿನ ಬೆಲೆ ಕಡಿಮೆಯಿತ್ತು. ಟೇಪ್ ರೆಕಾರ್ಡರ್ ಇದ್ದ ಮನೆಯಲ್ಲಿ ಆಕಾಶವಾಣಿಯ ಸಮಯಕ್ಕೆ ಕಾಯಬೇಕಿರಲಿಲ್ಲ. ಅಶ್ವಥ್ ಈ ಮಾಧ್ಯಮವನ್ನು ಪೂರ್ಣವಾಗಿ ಬಳಸಿಕೊಂಡರು. ಕೆ. ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆ 1942ರಲ್ಲಿ ಪ್ರಕಟವಾಗಿ ಹಲವು ಮುದ್ರಣಗಳನ್ನು ಕಂಡ ಕವನ ಸಂಕಲನ. ಅಶ್ವಥ್ ಅವರ ರಾಗಸಂಯೋಜನೆಯಲ್ಲಿ ಬಂದ ಅದರ ಧ್ವನಿಸುರುಳಿಯು ಆ ಕವಿತೆಗಳನ್ನು ಓದಲು ಬಾರದವರಿಗೂ ತಲುಪಿಸಿತು. ದ. ರಾ. ಬೇಂದ್ರೆ, ಕುವೆಂಪು, ಜಿ. ಎಸ್. ಶಿವರುದ್ರಪ್ಪ, ನಿಸಾರ್ ಅಹಮದ್, ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟ, ಎಚ್. ಎಸ್. ವೆಂಕಟೇಶಮೂರ್ತಿ ಮೊದಲಾದವರ ಕವಿತೆಗಳಿಗೂ ಅವರು ರಾಗ ಸಂಯೋಜಿಸಿದರು.

ಶರೀಫರ ತತ್ವಪದಗಳು

ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ ಬಾಳಿದ ಶರೀಫರು (1819–1889) ಕೆಲಕಾಲ ಶಾಲಾ ಶಿಕ್ಷಕರಾಗಿದ್ದವರು. ಗುರು ಗೋವಿಂದ ಭಟ್ಟರ ಶಿಷ್ಯರು. ಸೋರುವ ಮಾಳಿಗೆ, ಸೇದುವ ಗುಡುಗುಡಿ, ಚಿಕ್ಕದು ದೊಡ್ಡದನ್ನು ನುಂಗುವ ಒಗಟಿನ ಲೋಕ, ಹೀಗೆ ದಿನಬಳಕೆಯ ವಸ್ತುಗಳಲ್ಲೇ ಅಧ್ಯಾತ್ಮವನ್ನು ಹೇಳಿದ ಅವರ ಪದಗಳು ಭಜನಾ ಮಂಡಳಿಗಳ ಬಾಯಿಂದ ಬಾಯಿಗೆ ಸಾಗಿ ಉಳಿದಿದ್ದವು. ಲಕ್ಷ್ಮೀನಾರಾಯಣ ಭಟ್ಟರು ಈ ಪದಗಳನ್ನು ಸಂಪಾದಿಸಿ ಹೊರತಂದರು. ಅಶ್ವಥ್ ಅವುಗಳಿಗೆ ರಾಗ ಸಂಯೋಜಿಸಿ ಧ್ವನಿಸುರುಳಿಯಾಗಿಸಿದರು.

ಹಳೆ ಮೈಸೂರು ಪ್ರಾಂತ್ಯದ ಗಾಯಕನೊಬ್ಬ ಧಾರವಾಡ ಸೀಮೆಯ ಆಡುನುಡಿಯ ಪದಗಳನ್ನು ಹಾಡುವುದರಲ್ಲಿ ಅಪಾಯವಿತ್ತು. ನುಡಿಯನ್ನು ಶಿಷ್ಟಗೊಳಿಸಿ ಹಾಡಿದ್ದರೆ ಪದದ ಸತ್ವವೇ ಹೋಗುತ್ತಿತ್ತು. ಅಶ್ವಥ್ ಆಡುಮಾತಿನ ಏರಿಳಿತವನ್ನು ಹಾಗೆಯೇ ಉಳಿಸಿಕೊಂಡರು. ಪಲ್ಲವಿಯನ್ನು ಎತ್ತರದ ಸ್ಥಾಯಿಯಲ್ಲಿ, ಪೂರ್ಣ ಕಸುವಿನಿಂದ ಎತ್ತಿಕೊಳ್ಳುವುದು, ಒಂದು ಪದವನ್ನು ಹಿಡಿದು ಮತ್ತೆ ಮತ್ತೆ ಕೂಗಿ ಕರೆಯುವಂತೆ ಹಾಡುವುದು, ಉಸಿರಿನ ಸದ್ದನ್ನೂ ದನಿಯ ಬಿರುಕನ್ನೂ ಮುಚ್ಚಿಡದಿರುವುದು ಈ ಧ್ವನಿಮುದ್ರಣಗಳ ವಿಶೇಷತೆ. ತಾಳವು ಅಲಂಕಾರವಾಗಿ ಉಳಿಯದೆ ಭಜನೆಯಲ್ಲಿರುವಂತೆ ಹಾಡನ್ನು ಮುಂದಕ್ಕೆ ನೂಕುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಹಾರ್ಡ್ ರಾಕ್ ಆಲ್ಬಮ್‌ಗಳು ಕೇಳುಗರನ್ನು ಸೆಳೆದದ್ದು ಇಂಥದೇ ಗುಣದಿಂದ. ಆಸ್ಟ್ರೇಲಿಯಾದ ಎಸಿ/ಡಿಸಿ ತಂಡದ ಲೆಟ್ ದೇರ್ ಬಿ ರಾಕ್ (1977) ಆಲ್ಬಮ್‌ನಲ್ಲಿ ಗಾಯಕ ಬಾನ್ ಸ್ಕಾಟ್ ಅವರ ಒರಟು ದನಿಯನ್ನು ನಯಗೊಳಿಸದೆ ಬಿಟ್ಟದ್ದೇ ಅದರ ಬಲವಾಯಿತು. ಎರಡು ಸಂಪ್ರದಾಯಗಳ ನಡುವೆ ನೇರ ಸಂಬಂಧವಿಲ್ಲದಿದ್ದರೂ ಹಸಿತನದ ಆಕರ್ಷಣೆ ಎರಡರಲ್ಲೂ ಒಂದೇ ಬಗೆಯದು.

ಕಲ್ಯಾಣ ಕರ್ನಾಟಕಕ್ಕೆ ಈ ಬಗೆಯ ಗಾಯನ ಹೊಸದಾಗಿರಲಿಲ್ಲ. ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಹೇಬ ಮೊದಲಾದ ತತ್ವಪದಕಾರರ ಪದಗಳನ್ನು ವಡಗೇರಾ, ಶಹಾಪುರ, ಸುರಪುರ ಭಾಗದ ಭಜನೆಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಏರುದನಿಯಲ್ಲಿ ಹಾಡುವ ರೂಢಿ ಮೊದಲಿನಿಂದಲೂ ಇದೆ. ಅಲ್ಲಿನ ಭಜನೆಯ ಕಿವಿಗೆ ಪರಿಚಿತವಾಗಿದ್ದ ಕಸುವನ್ನು ಅಶ್ವಥ್ ನಗರದ ಧ್ವನಿಮುದ್ರಣ ಕೊಠಡಿಯೊಳಕ್ಕೆ ಒಯ್ದರು.

ಸಂತ ಶಿಶುನಾಳ ಶರೀಫ ಚಿತ್ರದಲ್ಲಿ ಶ್ರೀಧರ್ ಶರೀಫರಾಗಿಯೂ ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿಯೂ ನಟಿಸಿದರು. ಹಲವು ಪದಗಳನ್ನು ಅಶ್ವಥ್ ಅವರೇ ಹಾಡಿದರು. ಈ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯ ಕುರಿತ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು.

ಗಾಯನ ಶೈಲಿಯ ಕುರಿತ ಭಿನ್ನಾಭಿಪ್ರಾಯಗಳು

ಭಾವಗೀತೆಯಲ್ಲಿ ಕವಿತೆ ಮುಂದಿರಬೇಕು, ಗಾಯಕ ಹಿಂದೆ ನಿಲ್ಲಬೇಕು ಎಂಬ ನಿಲುವಿನವರಿಗೆ ಅಶ್ವಥ್ ಅವರ ಗಾಯನ ಅಬ್ಬರದ್ದೆನಿಸಿತು. ಮೃದುವಾದ ಕವಿತೆಗಳಿಗೆ ಆ ದನಿ ಭಾರವಾಗುತ್ತದೆ ಎಂಬ ಆಕ್ಷೇಪವೂ ಇತ್ತು. ಆದರೆ ಸಂಯೋಜಕರಾಗಿ ಅವರು ತಮ್ಮ ದನಿಯ ಮಿತಿಯನ್ನು ಬಲ್ಲವರಾಗಿದ್ದರು. ನವಿರಾದ ಗೀತೆಗಳನ್ನು ರತ್ನಮಾಲಾ ಪ್ರಕಾಶ್, ಎಂ. ಡಿ. ಪಲ್ಲವಿ ಮೊದಲಾದವರಿಂದ ಹಾಡಿಸಿದರು. ಕೂಗಿ ಹೇಳಬೇಕಾದ, ಪ್ರಶ್ನಿಸಬೇಕಾದ, ಅಣಕಿಸಬೇಕಾದ ಕವಿತೆಗಳಿಗೆ ತಮ್ಮ ದನಿಯನ್ನು ಮೀಸಲಿಟ್ಟರು. ನಿಸಾರ್ ಅಹಮದ್ ಅವರ ಕುರಿಗಳು ಸಾರ್ ಕುರಿಗಳು ಕವಿತೆಯ ವ್ಯಂಗ್ಯವು ಅವರ ಗಾಯನದಲ್ಲಿ ಹರಿತವಾಗಿಯೇ ಉಳಿದಿದೆ.

ಕನ್ನಡವೇ ಸತ್ಯ

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರ ನೇತೃತ್ವದಲ್ಲಿ ಕನ್ನಡವೇ ಸತ್ಯ ಎಂಬ ಬೃಹತ್ ಗಾಯನ ಕಾರ್ಯಕ್ರಮ ನಡೆಯಿತು. ಒಂದು ಲಕ್ಷಕ್ಕೂ ಹೆಚ್ಚು ಜನರು ಸೇರಿದ್ದ ಈ ಕಾರ್ಯಕ್ರಮದಲ್ಲಿ ಹಾಡಿದ್ದು ಚಲನಚಿತ್ರದ ಜನಪ್ರಿಯ ಗೀತೆಗಳನ್ನಲ್ಲ, ಕನ್ನಡ ಕವಿಗಳ ರಚನೆಗಳನ್ನು. ಸಣ್ಣ ಸಭಾಂಗಣಕ್ಕಷ್ಟೇ ಸಲ್ಲುವುದು ಎನಿಸಿದ್ದ ಸುಗಮ ಸಂಗೀತಕ್ಕೆ ಮೈದಾನ ತುಂಬುವ ಶಕ್ತಿಯಿದೆ ಎಂಬುದನ್ನು ಇದು ತೋರಿಸಿತು.

ನಿಧನ ಮತ್ತು ಪ್ರಭಾವ

ಅನಾರೋಗ್ಯದಿಂದ ಬಳಲುತ್ತಿದ್ದ ಅಶ್ವಥ್ ಅವರು 2009ರ ಡಿಸೆಂಬರ್ 29ರಂದು, ತಮಗೆ ಎಪ್ಪತ್ತು ವರ್ಷ ತುಂಬಿದ ದಿನವೇ, ಬೆಂಗಳೂರಿನಲ್ಲಿ ನಿಧನರಾದರು. ಮರುದಿನ ಚಿತ್ರನಟ ವಿಷ್ಣುವರ್ಧನ್ ಕೂಡ ತೀರಿಕೊಂಡರು. ಜನ್ಮದಿನದಂದೇ ಮರಣ ಹೊಂದಿದ ಸಂಗತಿಯು ಶರೀಫರಿಗೂ ಅವರಿಗೂ ಇರುವ ಸಾಮ್ಯವೆಂದು ಅಭಿಮಾನಿಗಳು ನೆನೆಯುತ್ತಾರೆ. ಶರೀಫರ ಜನನ ಮತ್ತು ಮರಣ ಎರಡೂ ಜುಲೈ 3ರಂದು ಎಂದು ನಂಬಲಾಗಿದೆ.

ಅಶ್ವಥ್ ಅವರ ನಂತರದ ತಲೆಮಾರಿನಲ್ಲಿ ರಘು ದೀಕ್ಷಿತ್ ಶರೀಫರ ಪದಗಳನ್ನು ಗಿಟಾರ್ ಮತ್ತು ಡ್ರಮ್ಸ್‌ಗಳ ಜೊತೆಗೆ ಹಾಡಿ ದೇಶವಿದೇಶಗಳ ವೇದಿಕೆಗಳಿಗೆ ಕೊಂಡೊಯ್ದರು. ಶಾಲಾ ವಾರ್ಷಿಕೋತ್ಸವ, ರಾಜ್ಯೋತ್ಸವ ಮತ್ತು ಗ್ರಾಮೀಣ ಭಜನೆಗಳಲ್ಲಿ ಇಂದು ಶರೀಫರ ಪದಗಳನ್ನು ಹೆಚ್ಚಾಗಿ ಅಶ್ವಥ್ ಅವರ ಧಾಟಿಯಲ್ಲಿಯೇ ಹಾಡಲಾಗುತ್ತದೆ.