ಪಂಡಿತರ ಮೇಜಿನಿಂದ ಹೆಡ್‌ಮಾಸ್ತರರ ಕುರ್ಚಿಗೆ: ಪಂಜೆ ಮಂಗೇಶರಾಯರು ನಡೆದ ಹಾದಿ

ಶಾಲೆಗೆ ಇನ್‌ಸ್ಪೆಕ್ಟರ್ ಬರುತ್ತಾರೆ ಎಂದರೆ ನೂರು ವರ್ಷಗಳ ಹಿಂದೆ ಊರಿಗೆ ಊರೇ ಎಚ್ಚರಗೊಳ್ಳುತ್ತಿತ್ತು. ಸೆಗಣಿ ಸಾರಿಸಿದ ನೆಲ, ಮಾವಿನ ತೋರಣ, ಒಗೆದು ಮಡಚಿಟ್ಟ ಅಂಗಿ ಎಲ್ಲವೂ ಸಿದ್ಧವಾಗುತ್ತಿದ್ದವು. ಮಕ್ಕಳು ಮಗ್ಗಿಯನ್ನೂ ಪದ್ಯವನ್ನೂ ಉರುಹೊಡೆದು ಕುಳಿತಿರುತ್ತಿದ್ದರು. ಐಗಳ ಕೈ ನಡುಗುತ್ತಿತ್ತು. ಬರುವ ಅಧಿಕಾರಿಯ ಒಂದು ಟಿಪ್ಪಣಿಯ ಮೇಲೆ ಶಾಲೆಯ ಅನುದಾನವೂ ಐಗಳ ಅನ್ನವೂ ನಿಂತಿದ್ದ ಕಾಲವದು.

ದಕ್ಷಿಣ ಕನ್ನಡದ ಹಳ್ಳಿಗಳಿಗೆ ಹೀಗೆ ಬರುತ್ತಿದ್ದ ಅಧಿಕಾರಿಗಳಲ್ಲಿ ಒಬ್ಬರು ಮಾತ್ರ ಬೇರೆಯೇ ಬಗೆಯವರಾಗಿದ್ದರು. ಅವರು ಮಕ್ಕಳ ಮುಂದೆ ಕಥೆ ಹೇಳುತ್ತಿದ್ದರು, ಹಾಡು ಹಾಡುತ್ತಿದ್ದರು, ಹಾಡಿಗೆ ತಕ್ಕ ಅಭಿನಯವನ್ನೂ ಮಾಡಿ ತೋರಿಸುತ್ತಿದ್ದರು. ಅವರೇ ಪಂಜೆ ಮಂಗೇಶರಾಯರು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಕನ್ನಡದ ಮಕ್ಕಳಿಗೆ ನಾಗರಹಾವಿನ ಪದ್ಯವನ್ನೂ ತೆಂಕಣ ಗಾಳಿಯ ಸದ್ದನ್ನೂ ಕೊಟ್ಟವರು.

ಪಂಜೆಯವರನ್ನು ಕವಿಯಾಗಿ, ಕಥೆಗಾರರಾಗಿ ನಾಡು ನೆನೆಯುತ್ತದೆ. ಆದರೆ ಅವರ ಜೀವಮಾನದ ವೃತ್ತಿ ಶಿಕ್ಷಣವೇ ಆಗಿತ್ತು. ಕಾಲೇಜಿನ ಕನ್ನಡ ಪಂಡಿತರಾಗಿ ಆರಂಭಿಸಿದ ಅವರು ಶಾಲಾ ತನಿಖಾಧಿಕಾರಿಯಾಗಿ, ಕೊನೆಗೆ ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಬೆಳೆದರು. ಬಡ್ತಿ ಎಂಬುದು ಮೇಷ್ಟ್ರನ್ನು ಮಕ್ಕಳಿಂದ ದೂರ ಒಯ್ಯುತ್ತದೆ ಎಂಬುದು ಅಂದಿಗೂ ಇಂದಿಗೂ ಕಂಡ ಮಾತು. ಪಂಜೆಯವರ ವಿಷಯದಲ್ಲಿ ಅದು ತಿರುವುಮುರುವಾಯಿತು. ಹುದ್ದೆ ಮೇಲೇರಿದಂತೆಲ್ಲ ಅವರು ಇನ್ನೂ ಚಿಕ್ಕ ತರಗತಿಯ, ಇನ್ನೂ ಎಳೆಯ ಮಗುವಿನ ಕಡೆಗೆ ಬಾಗಿದರು.

ನೇತ್ರಾವತಿಯ ದಡದ ಹುಡುಗ

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ನದಿಯ ದಡದ ಬಂಟ್ವಾಳದಲ್ಲಿ. ಅವರ ಹಿರಿಯರು ಪಂಜ ಎಂಬ ಊರಿನಿಂದ ಬಂದವರಾದ್ದರಿಂದ ‘ಪಂಜೆ’ ಎಂಬುದು ಮನೆತನದ ಹೆಸರಾಯಿತು. ಮನೆಯ ಮಾತು ಕೊಂಕಣಿ. ಬೀದಿಯ ಮಾತು ತುಳು. ಶಾಲೆಯ ಮಾತು ಕನ್ನಡ. ಮುಂದೆ ಕಲಿಯಬೇಕಾಗಿದ್ದದ್ದು ಇಂಗ್ಲಿಷ್. ಕರಾವಳಿಯ ಸಾವಿರಾರು ಮಕ್ಕಳಂತೆ ಅವರೂ ಕನ್ನಡವನ್ನು ತಾಯಿಯ ಮಡಿಲಲ್ಲಿ ಅಲ್ಲ, ಶಾಲೆಯ ಮಣೆಯ ಮೇಲೆ ಕಲಿತವರು. ಈ ಒಂದು ಸಂಗತಿ ಅವರ ಮುಂದಿನ ಕೆಲಸಕ್ಕೆಲ್ಲ ಬುನಾದಿಯಾಯಿತು ಎಂದರೆ ತಪ್ಪಾಗದು.

ಅನುಕೂಲಸ್ಥ ಮನೆತನವೇನೂ ಅವರದಲ್ಲ. ಕಷ್ಟದ ನಡುವೆಯೇ ಮಂಗಳೂರಿಗೆ ಬಂದು ಓದು ಮುಂದುವರಿಸಿದರು. ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರ. ಬಾಸೆಲ್ ಮಿಷನ್ ಅಲ್ಲಿ ಅಚ್ಚುಕೂಟ ಹೂಡಿ ಅರ್ಧ ಶತಮಾನ ಕಳೆದಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಅಲ್ಲಿಂದಲೇ ಹೊರಟಿತ್ತು. ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಗಿ ಬಂದಿತ್ತು. ಓದುವ ಹುಡುಗನಿಗೆ ಬೇಕಾದ ಗಾಳಿ ಆ ಊರಿನಲ್ಲಿ ಬೀಸುತ್ತಿತ್ತು.

ಕನ್ನಡ ಪಂಡಿತ

1890ರ ದಶಕದಲ್ಲಿ, ಇನ್ನೂ ಪದವೀಧರರಾಗುವ ಮುನ್ನವೇ, ಪಂಜೆಯವರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಸೇರಿದರು. ಇಂದಿನ ವಿಶ್ವವಿದ್ಯಾನಿಲಯ ಕಾಲೇಜೇ ಅಂದಿನ ಆ ಕಾಲೇಜು.

ಅಂದಿನ ಕಾಲೇಜುಗಳಲ್ಲಿ ದೇಶಭಾಷೆಯ ಪಂಡಿತರ ಸ್ಥಾನ ದೊಡ್ಡದಾಗಿರಲಿಲ್ಲ. ಇಂಗ್ಲಿಷ್, ಗಣಿತ, ಇತಿಹಾಸ ಬೋಧಿಸುವವರಿಗೆ ಇದ್ದ ಸಂಬಳವೂ ಗೌರವವೂ ಅವರಿಗಿರಲಿಲ್ಲ. ವಿದ್ಯಾರ್ಥಿಗಳ ಪಾಲಿಗೆ ಕನ್ನಡದ ತರಗತಿ ಎಂದರೆ ಹಳಗನ್ನಡ ಪದ್ಯದ ಅನ್ವಯ, ಪ್ರತಿಪದಾರ್ಥ, ವ್ಯಾಕರಣ ಸೂತ್ರ. ಕೆಲಸಕ್ಕೆ ಬರುವ ಭಾಷೆ ಇಂಗ್ಲಿಷ್ ಎಂಬ ಭಾವನೆ ಬೇರೂರಿತ್ತು.

ಪಂಜೆಯವರು ಆ ಪಾಂಡಿತ್ಯವನ್ನು ಬಿಟ್ಟುಕೊಡಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕಿಟ್ಟೆಲ್ ಸಂಪಾದಿಸಿದ್ದರು. ಅದನ್ನು ಪರಿಷ್ಕರಿಸಿ 1920ರಲ್ಲಿ ಬಾಸೆಲ್ ಮಿಷನ್ ಮೂಲಕ ಹೊರತಂದವರು ಪಂಜೆಯವರೇ. ಆದರೆ ವ್ಯಾಕರಣ ಬಲ್ಲವರು ವ್ಯಾಕರಣವನ್ನೇ ಬಡಿಸಬೇಕಾಗಿಲ್ಲ ಎಂಬುದೂ ಅವರಿಗೆ ತಿಳಿದಿತ್ತು. ಬಂಧುಗಳಾದ ಬೆನಗಲ್ ರಾಮರಾಯರು 1900ರಲ್ಲಿ ಮಂಗಳೂರಿನಿಂದ ‘ಸುವಾಸಿನಿ’ ಮಾಸಪತ್ರಿಕೆ ಆರಂಭಿಸಿದಾಗ ಪಂಜೆಯವರು ಅದಕ್ಕೆ ಬರೆಯತೊಡಗಿದರು. ‘ನನ್ನ ಚಿಕ್ಕತಾಯಿ’, ‘ಕಮಲಪುರದ ಹೊಟ್ಲಿನಲ್ಲಿ’ ಮುಂತಾದ ಅವರ ಕಥೆಗಳನ್ನು ವಿಮರ್ಶಕರು ಹೊಸಗನ್ನಡ ಸಣ್ಣಕಥೆಯ ಮೊದಲ ಹೆಜ್ಜೆಗಳ ಸಾಲಿನಲ್ಲಿ ಇರಿಸುತ್ತಾರೆ. ಹಳಗನ್ನಡ ಕಲಿಸುತ್ತಿದ್ದ ಪಂಡಿತರು ಬರೆದದ್ದು ಜನರಾಡುವ ಸರಳ ಕನ್ನಡದಲ್ಲಿ. ಇದು ಗಮನಿಸಬೇಕಾದ ಅಂಶ.

ದುಡಿಯುತ್ತಲೇ ಅವರು ಬಿ.ಎ. ಪದವಿ ಪಡೆದರು, ಎಲ್.ಟಿ. ತರಬೇತಿಯನ್ನೂ ಮುಗಿಸಿದರು. ಶಿಕ್ಷಣ ಇಲಾಖೆಯ ಬಾಗಿಲು ಅವರಿಗೆ ತೆರೆದದ್ದು ಹೀಗೆ.

ತನಿಖೆಯ ದಾರಿಯಲ್ಲಿ ಮಕ್ಕಳ ಹಾಡು

ಕಾಲೇಜಿನ ಪಂಡಿತರು ಈಗ ಶಾಲೆಗಳ ಸಬ್ ಅಸಿಸ್ಟೆಂಟ್ ಇನ್‌ಸ್ಪೆಕ್ಟರ್ ಆದರು. ಹೊಳೆ, ಗುಡ್ಡ, ಕಾಡುಗಳಿಂದ ತುಂಬಿದ ಜಿಲ್ಲೆ. ಮಳೆಗಾಲದಲ್ಲಿ ದೋಣಿ ಸಿಕ್ಕರೆ ಪುಣ್ಯ. ಉಳಿದಂತೆ ಎತ್ತಿನಗಾಡಿ, ಕಾಲ್ನಡಿಗೆ. ಆ ಪ್ರವಾಸಗಳಲ್ಲಿ ಅವರಿಗೆ ಸಿಕ್ಕಿದ್ದು ಕಾಲೇಜಿನಲ್ಲಿ ಎಂದೂ ಸಿಗದ ನೋಟ.

ಕರಾವಳಿಯ ಹಳ್ಳಿ ಶಾಲೆಯಲ್ಲಿ ಕುಳಿತ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತುಳು. ಕೊಂಕಣಿಯವರೂ ಬ್ಯಾರಿ ಭಾಷೆಯವರೂ ಅವರ ನಡುವೆ ಇದ್ದರು. ಶಾಲೆಯ ಪುಸ್ತಕ ಮಾತ್ರ ಕನ್ನಡದ್ದು. ಅದರಲ್ಲೂ ಮಕ್ಕಳಿಗೆಂದು ಕೊಡುತ್ತಿದ್ದ ಪದ್ಯಗಳು ದೊಡ್ಡವರಿಗೆ ಬರೆದವು, ನೀತಿ ಹೇಳುವಂಥವು, ಅರ್ಥವಾಗದಿದ್ದರೂ ಬಾಯಿಪಾಠ ಮಾಡಬೇಕಾದವು. ಮಗು ಮೊದಲ ಸಲ ಕನ್ನಡವನ್ನು ಕೇಳುವುದೇ ಬೆತ್ತದ ಸದ್ದಿನೊಂದಿಗೆ ಎಂಬಂತಿತ್ತು ಪರಿಸ್ಥಿತಿ.

ಇಂಥ ಶಾಲೆಯ ಬಗ್ಗೆ ತನಿಖಾಧಿಕಾರಿ ಮಾಡಬಹುದಾದ ಕೆಲಸ ವರದಿ ಬರೆಯುವುದು. ಪಂಜೆಯವರು ಪದ್ಯ ಬರೆದರು. ಹಾವು, ಗಾಳಿ, ಬೆಳಗು, ಕೋಳಿ ಇವೇ ವಸ್ತು. ಅರ್ಥ ತಿಳಿಯುವ ಮೊದಲೇ ಕಿವಿಗೆ ಹಿಡಿಸುವ ಪ್ರಾಸ, ಕುಣಿಯಲು ಬರುವ ಲಯ, ಸದ್ದನ್ನೇ ಪದವಾಗಿಸಿದ ಅನುಕರಣ ಶಬ್ದಗಳು. ಕನ್ನಡ ಬಾರದ ತುಳು ಮಗುವೂ ಮೊದಲು ಹಾಡಬೇಕು, ಆಮೇಲೆ ಭಾಷೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಆ ಪದ್ಯಗಳ ಕಟ್ಟಿನಲ್ಲೇ ಕಾಣುತ್ತದೆ. ಭಾಷಾ ಬೋಧಕನ ಅನುಭವ ಅಲ್ಲಿ ಕವಿತೆಯಾಗಿತ್ತು.

ಕಥೆಗಳೂ ಅದೇ ಜಾಡಿನವು. ‘ಮೆಣಸಿನ ಕಾಳಪ್ಪ’, ‘ಇಲಿಗಳ ತಕಥೈ’, ‘ಗುಡುಗುಡು ಗುಮ್ಮಟ ದೇವರು’, ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಹೆಸರುಗಳೇ ಸಾಕು, ಮಕ್ಕಳ ಕಿವಿ ನಿಮಿರುತ್ತದೆ. ಅಜ್ಜಿಯರು ಹೇಳುತ್ತಿದ್ದ ಕಥೆ, ಪರದೇಶದ ಮಕ್ಕಳ ಕಥೆ ಎರಡನ್ನೂ ಅವರು ಕರಾವಳಿಯ ಅಂಗಳಕ್ಕೆ ಇಳಿಸಿದರು. ತುಳು ಪಾಡ್ದನಗಳ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು. ಮನೆಯಲ್ಲಿ ತುಳುವಿನಲ್ಲಿ ಕೇಳಿದ ಕಥೆಯನ್ನೇ ಮಗು ಕನ್ನಡದಲ್ಲಿ ಓದಿದಾಗ ಎರಡು ಭಾಷೆಗಳ ನಡುವಿನ ಗೋಡೆ ಅಷ್ಟು ತಗ್ಗುತ್ತದೆ.

ಅವರ ಪದ್ಯಗಳು ಬಾಸೆಲ್ ಮಿಷನ್ ಹೊರತಂದ ಶಾಲಾ ಪಠ್ಯಪುಸ್ತಕಗಳಲ್ಲಿ ಸೇರಿದವು. ಒಂದು ತರಗತಿಯಲ್ಲಿ ಪಾಠ ಹೇಳಿದ್ದರೆ ನಲವತ್ತು ಮಕ್ಕಳಿಗೆ ತಲಪುತ್ತಿದ್ದ ದನಿ ಈಗ ಜಿಲ್ಲೆಯನ್ನೇ ಮುಟ್ಟಿತು. ಸಮಾನಮನಸ್ಕರೊಂದಿಗೆ ‘ಬಾಲಸಾಹಿತ್ಯ ಮಂಡಲ’ ಕಟ್ಟಿ ಮಕ್ಕಳ ಪುಸ್ತಕಗಳ ಪ್ರಕಟಣೆಗೂ ಅವರು ಕೈಹಾಕಿದರು. ಮಕ್ಕಳಿಗೆ ಬರೆಯುವುದನ್ನು ವಿದ್ವಾಂಸರು ಕಿರಿದಾದ ಕೆಲಸವೆಂದು ಬಗೆಯುತ್ತಿದ್ದ ಹೊತ್ತಿನಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ.

ತಮ್ಮ ಹುದ್ದೆಯ ಠೀವಿಯನ್ನು ಅವರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಹಳೆಯ ಸಬ್ ಅಸಿಸ್ಟೆಂಟನೊಬ್ಬನ ಸುಳ್ಳು ಡೈರಿಯ ರೂಪದಲ್ಲಿ ಅವರು ಬರೆದ ಹಾಸ್ಯ ಬರಹ ತನಿಖೆಯ ಲೋಕವನ್ನೇ ನಗೆಯ ಬೆಳಕಿನಲ್ಲಿ ತೋರಿಸಿತು. ತಾವೇ ಕುಳಿತ ಕುರ್ಚಿಯನ್ನು ಕಂಡು ನಗಬಲ್ಲ ಅಧಿಕಾರಿಗಳು ಎಲ್ಲ ಕಾಲದಲ್ಲಿಯೂ ವಿರಳ.

ಮಡಿಕೇರಿಯ ಹೆಡ್‌ಮಾಸ್ತರ್

1920ರ ದಶಕದಲ್ಲಿ ಪಂಜೆಯವರ ವೃತ್ತಿ ಜೀವನ ಘಟ್ಟ ಹತ್ತಿತು. ಅವರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಕೊಡಗು ಆಗ ಮದರಾಸಿಗೂ ಸೇರದೆ, ಮೈಸೂರಿಗೂ ಸೇರದೆ, ಮುಖ್ಯ ಕಮಿಷನರ ಆಡಳಿತದಲ್ಲಿದ್ದ ಪ್ರತ್ಯೇಕ ಪುಟ್ಟ ಪ್ರಾಂತ. ಕರಾವಳಿಯಿಂದ ಬಂದ ಹೆಡ್‌ಮಾಸ್ತರರಿಗೆ ಹವೆ ಹೊಸದು, ಜನ ಹೊಸಬರು. ಹಳೆಯದೆಂದರೆ ಸಮಸ್ಯೆಯೊಂದೇ. ಇಲ್ಲಿಯೂ ಅನೇಕ ಮಕ್ಕಳ ಮನೆಮಾತು ಬೇರೆ, ಅದು ಕೊಡವ ತಕ್ಕ್. ಶಾಲೆಯ ಮಾತು ಕನ್ನಡ.

ಹೊರಗಿನಿಂದ ಬಂದ ಅಧಿಕಾರಿ ತನ್ನ ಭಾಷೆಯನ್ನು ಎತ್ತಿಹಿಡಿದು ಊರಿನವರ ಮಾತನ್ನು ಕೀಳಾಗಿ ಕಾಣುವುದು ಸುಲಭ. ಪಂಜೆಯವರು ಆರಿಸಿಕೊಂಡದ್ದು ಬೇರೆ ಬಗೆ. ಅವರು ಕೊಡಗನ್ನು ನೋಡಿದರು, ಅದರ ಬೆಟ್ಟ, ಕಾವೇರಿ, ವೀರ ಪರಂಪರೆ, ಹೊಸ ಬತ್ತದ ಕದಿರು ತರುವ ಹುತ್ತರಿ ಹಬ್ಬ ಎಲ್ಲವನ್ನೂ ಮನಸ್ಸಿಗೆ ತಂದುಕೊಂಡರು. ಅದರ ಫಲವೇ ‘ಹುತ್ತರಿ ಹಾಡು’. ಕೊಂಕಣಿ ಮನೆಮಾತಿನ, ತುಳುನಾಡಿನ ಮೇಷ್ಟ್ರೊಬ್ಬರು ಕನ್ನಡದಲ್ಲಿ ಬರೆದ ಈ ಹಾಡನ್ನು ಕೊಡಗು ತನ್ನ ನಾಡಗೀತೆಯಂತೆ ಎದೆಗೆ ಹಚ್ಚಿಕೊಂಡಿತು. 1956ರಲ್ಲಿ ಕೊಡಗು ವಿಶಾಲ ಮೈಸೂರು ರಾಜ್ಯದೊಂದಿಗೆ ಸೇರುವುದಕ್ಕೆ ಎಷ್ಟೋ ಮೊದಲೇ ಆ ಹಾಡು ಎರಡೂ ನೆಲಗಳ ನಡುವೆ ಒಂದು ಕಾಲುಸೇತುವೆ ಹಾಕಿತ್ತು.

ಶಾಲೆಯನ್ನು ನಡೆಸುವುದೆಂದರೆ ಹಾಜರಿ, ವೇಳಾಪಟ್ಟಿ, ಪರೀಕ್ಷೆ, ಕಟ್ಟಡ ಎಲ್ಲವೂ ಹೌದು. ಆದರೆ ಊರಿನ ಮಕ್ಕಳಿಗೆ ಅವರ ಊರೇ ಹಾಡಿಗೆ ಯೋಗ್ಯವಾದದ್ದು ಎಂದು ತೋರಿಸಿಕೊಡುವುದೂ ಮುಖ್ಯೋಪಾಧ್ಯಾಯನ ಕೆಲಸವೇ. ಹಾಜರಿ ಪುಸ್ತಕಗಳನ್ನು ಇಂದು ತೆರೆದು ನೋಡುವವರಿಲ್ಲ. ಹಾಡು ಮಾತ್ರ ಉಳಿದಿದೆ.

ನಾಡಿನ ಮನ್ನಣೆ

ನಾಡಿನ ಮನ್ನಣೆ ತಡವಾಗಿಯಾದರೂ ಬಂತು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದುವಾಗಿದ್ದ ಆ ನೆಲದಲ್ಲಿ ಕನ್ನಡದ ಸಮ್ಮೇಳನ ನಡೆಸುವುದೇ ಒಂದು ಸಾಹಸ. ಮನೆಮಾತು ಕನ್ನಡವಲ್ಲದ ಮಕ್ಕಳಿಗೆ ಕನ್ನಡ ಕಲಿಸಿ ಹಣ್ಣಾದ ಮೇಷ್ಟ್ರು ಅಲ್ಲಿ ಅಧ್ಯಕ್ಷ ಪೀಠದಲ್ಲಿ ಕುಳಿತದ್ದು ತಕ್ಕದ್ದೇ ಆಗಿತ್ತು.

ಮೂರು ವರ್ಷಗಳ ನಂತರ, 1937ರ ಅಕ್ಟೋಬರ್‌ನಲ್ಲಿ ಪಂಜೆಯವರು ತೀರಿಕೊಂಡರು. ಆಗ ಅವರಿಗೆ ಅರವತ್ತಮೂರು ವರ್ಷ. ಕುವೆಂಪು ಅವರನ್ನು ನೆನೆದು ಕವಿತೆ ಬರೆದರು. ಜಿ.ಪಿ. ರಾಜರತ್ನಂ ಮೊದಲಾದವರ ಕೈಯಲ್ಲಿ ಮಕ್ಕಳ ಸಾಹಿತ್ಯ ಮುಂದೆ ಹುಲುಸಾಗಿ ಬೆಳೆಯಿತು. ಆ ಬೆಳೆಗೆ ನೆಲ ಹದ ಮಾಡಿದವರಲ್ಲಿ ಪಂಜೆಯವರು ಮೊದಲಿಗರು.

ಇಂದು ರಾಜ್ಯದ ನಗರಗಳ ಶಾಲೆಗಳಲ್ಲಿ ಒಂದೇ ಬೆಂಚಿನ ಮೇಲೆ ಮೂರು ನಾಲ್ಕು ಮನೆಮಾತಿನ ಮಕ್ಕಳು ಕುಳಿತಿರುತ್ತಾರೆ. ಅವರಿಗೆ ಕನ್ನಡವನ್ನು ಹೇಗೆ ಕಲಿಸುವುದು, ಕಡ್ಡಾಯದಿಂದಲೋ ಒಲವಿನಿಂದಲೋ ಎಂಬ ಚರ್ಚೆ ನಿಂತಿಲ್ಲ. ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆ ಕರಾವಳಿಯ ಐಗಳ ಶಾಲೆಗಳಲ್ಲಿ ಎದುರಾದಾಗ ಒಬ್ಬ ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ವರದಿ ಪುಸ್ತಕವನ್ನು ಬದಿಗಿಟ್ಟು ಮಕ್ಕಳೊಂದಿಗೆ ಹಾಡಿದರು. ಮಕ್ಕಳು ಅವರ ಹಿಂದೆಯೇ ಹಾಡಿದರು. ಕನ್ನಡ ಆ ಹಾಡಿನೊಂದಿಗೆ ಅವರ ಮನೆಗೂ ಹೋಯಿತು.